‘ಕಟ್ಟು’ ಎಂಬ ಒಂದು ಪದಕ್ಕೆ ಎಷ್ಟು ಅರ್ಥ? ಕಾಳು ಕಟ್ಟಿದಾಗ ಕಟ್ಟಿದವರು ಯಾರು?

ಹುಬ್ಬಳ್ಳಿಯ ಮಾಸ್ತರ

ಬೇರೆ ರಾಜ್ಯಗಳಿಂದ ನಮ್ಮ ಊರಿಗೆ ಕೆಲಸಕ್ಕೆ ಬಂದವರಿಗೆ ನಾನು ಭಾನುವಾರ ಬೆಳಿಗ್ಗೆ ಕನ್ನಡ ಹೇಳಿಕೊಡುತ್ತೇನೆ. ಮನೆಯ ಪಡಸಾಲೆ, ಏಳೆಂಟು ಜನ, ಒಂದು ಕರಿಹಲಗೆ, ಅಷ್ಟೇ ನಮ್ಮ ಶಾಲೆ. ಅವರಲ್ಲಿ ಒಡಿಶಾದ ಒಬ್ಬ ಹುಡುಗಿ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ವಾರವಿಡೀ ಕಿವಿಗೆ ಬಿದ್ದ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು ನನ್ನ ಮುಂದೆ ಇಡುವುದು ಅವಳ ರೂಢಿ. ಕಳೆದ ಭಾನುವಾರದ ಪುಟದಲ್ಲಿ ಎಲ್ಲ ಸಾಲಿನಲ್ಲೂ ಒಂದೇ ಪದ ಇತ್ತು. ‘ಮೂಗು ಕಟ್ಟಿದೆ.’ ‘ಮಗ ನವನಗರದಲ್ಲಿ ಮನೆ ಕಟ್ಟುತ್ತಿದ್ದಾನೆ.’ ‘ಸಾಲದ ಕಂತು ಕಟ್ಟಬೇಕು.’ ‘ಅರ್ಧ ಕಿಲೋ ಪೇಡೆ ಕಟ್ಟಿ ಕೊಡಿ.’ ‘ಎರಡು ಎಮ್ಮೆ ಕಟ್ಟಿದ್ದೇನೆ.’ ‘ಈ ಸಲ ಜೋಳ ಚೆನ್ನಾಗಿ ಕಾಳು ಕಟ್ಟಿದೆ.’

ಮೂಲ ಅರ್ಥ ಹಗ್ಗದಿಂದ ಬಿಗಿಯುವುದು, ಉಳಿದದ್ದೆಲ್ಲ ಅದರಿಂದ ಹರಡಿಕೊಂಡದ್ದು ಎಂದು ನಾನು ಹೇಳಿದೆ. ಅವಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಸರ್, ಇಲ್ಲಿ ಕಟ್ಟಿದವರು ಯಾರು?’ ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಆ ರಾತ್ರಿ ಊಟವಾದ ಮೇಲೆ ಬರೆಯುತ್ತಾ ಕುಳಿತೆ. ತಾಳಿ ಕಟ್ಟುವುದು, ಗೂಡು ಕಟ್ಟುವುದು, ಪದ ಕಟ್ಟುವುದು, ಬೆಲೆ ಕಟ್ಟುವುದು, ಬಾಯಿ ಕಟ್ಟುವುದು, ಕೆನೆ ಕಟ್ಟುವುದು, ಗೆಜ್ಜೆ ಕಟ್ಟುವುದು, ಉಸಿರು ಕಟ್ಟುವುದು… ನಲವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಈ ಭಾನುವಾರ ಅವಳಿಗೆ ಒಪ್ಪುವಂಥ ಒಂದು ಉತ್ತರ ಕೊಡಬೇಕು. ನಿಮ್ಮ ಊರು, ನಿಮ್ಮ ಕಸುಬು, ನಿಮ್ಮ ಅಡುಗೆಮನೆಯ ‘ಕಟ್ಟು’ಗಳನ್ನು ದಯವಿಟ್ಟು ಇಲ್ಲಿ ತನ್ನಿ.

ನವಲಗುಂದದ ರೈತ

ಮಾಸ್ತರರೇ, ಆ ಹುಡುಗಿಯ ಪ್ರಶ್ನೆಗೆ ಹೊಲದಲ್ಲಿ ನಿಂತು ಉತ್ತರ ಹೇಳುತ್ತೇನೆ. ನಮ್ಮದು ಎರೆಭೂಮಿ, ಹಿಂಗಾರಿ ಜೋಳ ಬಿತ್ತುತ್ತೇವೆ. ತೆನೆ ಹೊರಬಿದ್ದು ಹೂವಾಡಿದ ಮೇಲೆ ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮುತ್ತದೆ. ಅದು ಹಾಲುಗಾಳು. ಇನ್ನಷ್ಟು ದಿನಗಳಾದ ಮೇಲೆ ಒತ್ತಿದರೆ ಹಾಲು ಬರುವುದಿಲ್ಲ, ಮೆತ್ತಗೆ ಹಿಟ್ಟಿನಂತೆ ಉಗುರಿಗೆ ಅಂಟುತ್ತದೆ. ಸೀತನಿ, ಅಂದರೆ ಎಳೆಯ ಜೋಳದ ತೆನೆ, ಸುಟ್ಟು ತಿನ್ನುವುದು ಆಗಲೇ. ಅದೂ ದಾಟಿತೆಂದರೆ ಉಗುರು ಕಾಳಿನೊಳಗೆ ಇಳಿಯುವುದೇ ಇಲ್ಲ. ಆಗ ‘ಕಾಳು ಕಟ್ಟಿದೆ’ ಎನ್ನುತ್ತೇವೆ. ಹಾಲಾಗಿ ಹರಿಯುತ್ತಿದ್ದದ್ದು ಗಟ್ಟಿಯಾಗಿ ಒಂದು ಆಕಾರಕ್ಕೆ ಬಂದು ನಿಂತಿತು. ಯಾರೂ ಕಟ್ಟಲಿಲ್ಲ, ಅದೇ ಕಟ್ಟಿಕೊಂಡಿತು.

ಮೋಡ ಕಟ್ಟುವುದೂ ಹೀಗೆಯೇ. ಆಕಳು ಗಬ್ಬ ಕಟ್ಟುವುದೂ ಹೀಗೆಯೇ. ನೀರು ಕಟ್ಟುವುದು ಮಾತ್ರ ಬೇರೆ, ಅದರಲ್ಲಿ ಮನುಷ್ಯನ ಬೆವರು ಇದೆ. ರಾತ್ರಿ ಕರೆಂಟು ಬಂದ ಹೊತ್ತಿಗೆ ಸಲಿಕೆ ಹಿಡಿದು ಹೋಗಿ, ಒಂದು ಸಾಲಿನ ಬಾಯಿಗೆ ಮಣ್ಣು ಹಾಕಿ ಇನ್ನೊಂದರ ಬಾಯಿ ಬಿಡಿಸಬೇಕು. ಹರಿಯುವ ನೀರನ್ನು ನಮಗೆ ಬೇಕಾದ ಕಡೆ ತಿರುಗಿಸಿ ನಿಲ್ಲಿಸುವುದನ್ನು ‘ಕಟ್ಟು’ ಎನ್ನದೆ ಇನ್ನೇನು ಎನ್ನಬೇಕು? ಇನ್ನು ‘ಎರಡು ಎಮ್ಮೆ ಕಟ್ಟಿದ್ದೇನೆ’ ಎಂದರೆ ಈಗ ಗೂಟಕ್ಕೆ ಬಿಗಿದಿದ್ದೇನೆ ಎಂದಲ್ಲ, ಸಾಕಿದ್ದೇನೆ ಎಂದರ್ಥ. ಎಮ್ಮೆಗಳು ಮೇಯಲು ಹೋಗಿದ್ದರೂ ಆ ಮಾತು ನಿಜವೇ.

ಧಾರವಾಡದ ವಿದ್ಯಾರ್ಥಿನಿ

ಕಾಕಾ ಅವರು ಹೇಳಿದ್ದನ್ನು ವ್ಯಾಕರಣದ ಕಡೆಯಿಂದ ನೋಡಬಹುದು. ಕೆಲವು ‘ಕಟ್ಟು’ಗಳಿಗೆ ಕಟ್ಟುವವರು ಬೇಕು: ಹಾರ, ಮನೆ, ಹಗ್ಗ. ಕೆಲವಕ್ಕೆ ಬೇಡ: ಕಾಳು, ಮೋಡ, ಮೂಗು, ಕೆನೆ, ಕೀವು. ಒಂದೇ ಕ್ರಿಯಾಪದ ಸಕರ್ಮಕವಾಗಿಯೂ ಅಕರ್ಮಕವಾಗಿಯೂ ನಡೆಯುತ್ತದೆ. ‘ಒಡೆ’ ನೋಡಿ. ಕಾಯಿಯನ್ನು ನಾವು ಒಡೆಯುತ್ತೇವೆ, ಹಾಲು ತಾನಾಗಿ ಒಡೆಯುತ್ತದೆ.

ಅರ್ಥಗಳನ್ನು ಬೇರ್ಪಡಿಸಲು ನನಗೆ ಗೊತ್ತಿರುವ ಸುಲಭದ ದಾರಿ ವಿರುದ್ಧ ಪದವನ್ನು ಕೇಳುವುದು. ಹಗ್ಗ ಕಟ್ಟಿದರೆ ಬಿಚ್ಚುತ್ತೇವೆ. ಮನೆ ಕಟ್ಟಿದರೆ ಕೆಡವುತ್ತೇವೆ. ಕಟ್ಟಿದ ಮೋಡ ಚದುರುತ್ತದೆ. ಕಟ್ಟಿದ ಮೂಗು ಬಿಡುತ್ತದೆ. ಕಾಳು ಕಟ್ಟದಿದ್ದರೆ ಜೊಳ್ಳಾಗುತ್ತದೆ. ಕಂತು ಕಟ್ಟದಿದ್ದರೆ ಬಾಕಿ ಉಳಿಯುತ್ತದೆ. ಮನೆಯನ್ನು ಯಾರೂ ಬಿಚ್ಚುವುದಿಲ್ಲ, ಮೋಡವನ್ನು ಯಾರೂ ಕೆಡವುವುದಿಲ್ಲ. ಎದುರು ಪದ ಬದಲಾದ ಕಡೆಯೆಲ್ಲ ಅರ್ಥವೂ ಒಂದು ಹೆಜ್ಜೆ ಸರಿದಿದೆ. ನಿಮ್ಮ ವಿದ್ಯಾರ್ಥಿನಿಗೆ ಅರ್ಥದ ಪಟ್ಟಿ ಕೊಡುವ ಬದಲು ಈ ಜೋಡಿಗಳನ್ನು ಕೊಟ್ಟು ನೋಡಿ, ಮಾಸ್ತರರೇ. ಅವಳು ಕೌಂಟರಿನಲ್ಲಿ ಕೇಳುವುದು ಬಿಡಿ ಪದಗಳನ್ನಲ್ಲ, ಜೋಡಿಗಳನ್ನೇ.

ಇನ್ನೂ ಒಂದು ಇದೆ, ನನಗೆ ಬಹಳ ಇಷ್ಟವಾದದ್ದು. ‘ಕಣ್ಣಿಗೆ ಕಟ್ಟುವಂತೆ ಹೇಳಿದರು’ ಎಂದರೆ ಎಲ್ಲವೂ ನಿಚ್ಚಳವಾಗಿ ಕಂಡಿತು ಎಂದು. ‘ಕಣ್ಣು ಕಟ್ಟಿದರು’ ಎಂದರೆ ಏನೂ ಕಾಣದಂತೆ ಮಾಡಿದರು ಎಂದು. ನಡುವೆ ಇರುವುದು ಒಂದು ‘ಇಗೆ’ ಮಾತ್ರ. ಒಂದು ವಿಭಕ್ತಿ ಬಂದರೆ ಬೆಳಕು, ಹೋದರೆ ಕತ್ತಲೆ.

ಬೆಟಗೇರಿಯ ಅಕ್ಕ

ಎಲ್ಲರೂ ಹೊಲ, ಮನೆ, ಮೋಡ ಎಂದು ಬರೆಯುತ್ತಿದ್ದೀರಿ, ಒಲೆಯ ಮೇಲಿನ ಕಟ್ಟನ್ನು ಮರೆತಿದ್ದೀರಿ. ಹೋಳಿಗೆಯ ದಿನ ನಮ್ಮ ಮನೆಯಲ್ಲಿ ಮೊದಲು ಆಗುವುದು ಕಟ್ಟು ಬಸಿಯುವ ಕೆಲಸ. ಕಡಲೆಬೇಳೆಗೆ ನೀರು ಸ್ವಲ್ಪ ಹೆಚ್ಚೇ ಇಟ್ಟು ಬೇಯಿಸಬೇಕು. ಬೇಳೆಯನ್ನು ಬೆರಳಲ್ಲಿ ಹಿಚುಕಿದರೆ ಸೀಳಬೇಕು, ಕರಗಬಾರದು. ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಓರೆ ಮಾಡಿದರೆ ತಿಳಿಹಳದಿ ಬಣ್ಣದ ನೀರು ಇಳಿಯುತ್ತದೆ. ಆ ನೀರೇ ಕಟ್ಟು. ಕೆಳಗೆ ಉಳಿದ ಬೇಳೆ ಬೆಲ್ಲದ ಜೊತೆ ಸೇರಿ ಹೂರಣವಾಗುತ್ತದೆ. ಕಟ್ಟಿಗೆ ಹುಣಸೆರಸ, ಹುರಿದ ಒಣಕೊಬ್ಬರಿ, ಜೀರಿಗೆ, ಚಕ್ಕೆ, ಲವಂಗದ ಮಸಾಲೆ, ಬ್ಯಾಡಗಿ ಮೆಣಸಿನಕಾಯಿಯ ಖಾರ, ಕೊನೆಗೆ ಒಂದು ಚಿಕ್ಕ ಉಂಡೆ ಹೂರಣ. ಇದು ಕಟ್ಟಿನ ಸಾರು. ಆ ದಿನಕ್ಕಿಂತ ಮರುದಿನ ಅದಕ್ಕೆ ರುಚಿ ಜಾಸ್ತಿ.

ಈಗ ಹೇಳಿ, ಇಲ್ಲಿ ಏನು ಕಟ್ಟಿದೆ? ಬಿಗಿದದ್ದಿಲ್ಲ, ಗಟ್ಟಿಯಾದದ್ದಿಲ್ಲ. ಎಲ್ಲಕ್ಕಿಂತ ತೆಳ್ಳಗೆ ಇರುವುದೇ ಅದು.

ಹುಬ್ಬಳ್ಳಿಯ ಮಾಸ್ತರ

ಅಕ್ಕನವರೇ, ಹೋದ ಹಬ್ಬಕ್ಕೂ ಅದನ್ನು ಉಂಡಿದ್ದೇನೆ. ನನ್ನ ಪಟ್ಟಿಯಲ್ಲಿ ಅದು ಇರಲಿಲ್ಲ. ಅಷ್ಟು ಹತ್ತಿರದ ಪದವೇ ಕಣ್ಣಿಗೆ ಬಿದ್ದಿಲ್ಲ.

ಬೆಂಗಳೂರಿನಲ್ಲಿರುವ ರಾಣೆಬೆನ್ನೂರಿನವ

ಮಾಸ್ತರರೇ, ಆ ಹುಡುಗಿ ‘ಕಂತು ಕಟ್ಟಬೇಕು’ ಎಂಬುದನ್ನು ಹುಬ್ಬಳ್ಳಿಯಲ್ಲಿ ಕೇಳಿದ್ದು ನನಗೆ ಸ್ವಲ್ಪ ಅಚ್ಚರಿ. ನಾನು ಬೆಳೆದ ಮನೆಯಲ್ಲಿ ಫೀ ತುಂಬುತ್ತಿದ್ದರು, ಕರೆಂಟು ಬಿಲ್ಲು ತುಂಬುತ್ತಿದ್ದರು, ಕಂತೂ ತುಂಬುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಕಚೇರಿಯಲ್ಲಿ ‘ಶುಲ್ಕ ತುಂಬಲು ಬಂದಿದ್ದೇನೆ’ ಎಂದಾಗ ಕಿಟಕಿಯ ಆಚೆಗಿದ್ದವರು ‘ಏನು ತುಂಬಬೇಕು? ಅರ್ಜಿಯೇ?’ ಎಂದು ಕೇಳಿದರು. ನಮ್ಮ ‘ತುಂಬು’ ಮರಾಠಿಯ ‘ಭರಣೆ’, ಹಿಂದಿಯ ‘ಭರ್ನಾ’ ನಡೆಯುವ ದಾರಿಯಲ್ಲೇ ನಡೆಯುತ್ತದೆ. ಮುಂಬೈ ಪ್ರಾಂತ್ಯದಲ್ಲಿ 1956ರ ತನಕ ಇದ್ದ ಜಿಲ್ಲೆಗಳು ನಮ್ಮವು, ಹಣದ ಮಾತಿನಲ್ಲಿ ಆ ನೆರಳು ಇನ್ನೂ ಇದೆ. ಈಗೀಗ ಟಿವಿ, ಪತ್ರಿಕೆ, ಬ್ಯಾಂಕಿನ ಫಲಕಗಳಿಂದ ‘ಕಟ್ಟು’ ಕೂಡ ಊರಿಗೆ ಬಂದಿದೆ. ಆ ಹುಡುಗಿಗೆ ಎರಡನ್ನೂ ಹೇಳಿಕೊಡಿ. ಮುಂದೆ ಕುಳಿತ ಹಿರಿಯರು ‘ಮೂರು ಸಾವಿರ ತುಂಬುತ್ತೇನೆ’ ಎಂದರೆ ಅವಳು ಗಲಿಬಿಲಿಗೊಳ್ಳಬಾರದು.

ಹಣದ ವಿಷಯದಲ್ಲಿ ನಾನು ಗಮನಿಸಿದ ಇನ್ನೊಂದು ಸಂಗತಿ: ತೆರಿಗೆ, ದಂಡ, ವಿಮೆಯ ಕಂತು, ಚೀಟಿ, ಶುಲ್ಕ ಇವನ್ನು ಕಟ್ಟುತ್ತೇವೆ. ತರಕಾರಿ ಮಾರುವವಳಿಗೆ, ಆಟೋದವನಿಗೆ ದುಡ್ಡು ಕೊಡುತ್ತೇವೆ, ಕಟ್ಟುವುದಿಲ್ಲ. ಚೌಕಾಸಿಗೆ ಜಾಗವಿಲ್ಲದ, ಮೊದಲೇ ನಿಗದಿಯಾದ, ತಪ್ಪಿದರೆ ಬಡ್ಡಿಯೋ ದಂಡವೋ ಬೀಳುವ ಹಣಕ್ಕೇ ‘ಕಟ್ಟು’ ಬರುತ್ತದೆ.

ಮಂಗಳೂರಿನಿಂದ

ತಮಿಳಿನಲ್ಲೂ ತೆಲುಗಿನಲ್ಲೂ ತುಳುವಿನಲ್ಲೂ ‘ಕಟ್ಟು’ ಇದೆ, ಮಲಯಾಳದಲ್ಲಿ ‘ಕೆಟ್ಟ್’. ತಮಿಳರ ‘ಕಟ್ಟುಮರಂ’, ಅಂದರೆ ದಿಮ್ಮಿಗಳನ್ನು ಸೇರಿಸಿ ಕಟ್ಟಿದ ದೋಣಿ, ಇಂಗ್ಲಿಷಿಗೆ ಹೋಗಿ ‘ಕ್ಯಾಟಮರಾನ್’ ಆಯಿತು.

ಹಾವೇರಿಯ ಹಾರದ ಅಂಗಡಿ

ನಮ್ಮ ಅಂಗಡಿಯಲ್ಲಿ ಎರಡು ಕೆಲಸ ನಡೆಯುತ್ತವೆ, ಎರಡಕ್ಕೂ ಬೇರೆ ಪದ. ಮಲ್ಲಿಗೆಯನ್ನು ಕಟ್ಟುತ್ತೇವೆ. ಏಲಕ್ಕಿಯನ್ನು ಪೋಣಿಸುತ್ತೇವೆ. ಎರಡನ್ನೂ ಅದಲು ಬದಲು ಮಾಡಿ ಹೇಳಿದರೆ ಕೆಲಸ ಕಲಿಯುವ ಹುಡುಗರೂ ತಿದ್ದುತ್ತಾರೆ.

ಹೂ ಕಟ್ಟುವಾಗ ಸೂಜಿ ಇರುವುದಿಲ್ಲ. ಎಡಗೈಯ ಎರಡು ಬೆರಳ ನಡುವೆ ಎರಡು ಮೊಗ್ಗು ಆ ಕಡೆಗೆ, ಎರಡು ಮೊಗ್ಗು ಈ ಕಡೆಗೆ ತೊಟ್ಟು ಸೇರಿಸಿ ಹಿಡಿಯುತ್ತೇವೆ. ಬಲಗೈಯ ದಾರ ತೊಟ್ಟುಗಳನ್ನು ಒಂದು ಸುತ್ತು ಹಾಕಿ, ಬೆರಳ ಮೇಲೆ ಕುಣಿಕೆಯಾಗಿ ತಿರುಗಿ, ಮೊಗ್ಗುಗಳ ಮೇಲಿಂದ ಇಳಿದು ಬಿಗಿಯುತ್ತದೆ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿ ಹೋಗುತ್ತದೆ, ಕಡಿಮೆಯಾದರೆ ಗಿರಾಕಿ ಮನೆ ಮುಟ್ಟುವ ಮೊದಲೇ ಹೂ ಉದುರುತ್ತದೆ. ಪ್ರತಿ ಗಂಟೂ ಹಿಂದಿನ ಗಂಟನ್ನು ಹಿಡಿದಿರುತ್ತದೆ. ಅದು ಕಟ್ಟುವುದು. ಏಲಕ್ಕಿಯದು ಹಾಗಲ್ಲ. ಸೂಜಿ ಪ್ರತಿ ಕಾಯಿಯ ಒಳಗಿನಿಂದ ಹಾಯುತ್ತದೆ, ಗಂಟು ಇರುವುದು ಕೊನೆಯಲ್ಲಿ ಮಾತ್ರ. ಹಾಗೆ ಪೋಣಿಸಿದ ಎಳೆಗಳನ್ನು ಒಟ್ಟು ಮಾಡಿ, ಉಣ್ಣೆ, ಜರಿ ಸೇರಿಸಿ ಹಾರಕ್ಕೆ ರೂಪ ಕೊಡುವಾಗ ಮತ್ತೆ ‘ಹಾರ ಕಟ್ಟು’ ಎನ್ನುತ್ತೇವೆ. ಪೋಣಿಸಿದ್ದು ಎಳೆ, ಕಟ್ಟಿದ್ದು ಹಾರ.

ಲಕ್ಕುಂಡಿಯ ಇತಿಹಾಸಪ್ರೇಮಿ

ಕೆರೆಯನ್ನು ಕಟ್ಟಿಸುತ್ತಾರೆ, ಬಾವಿಯನ್ನು ತೋಡಿಸುತ್ತಾರೆ. ಇದನ್ನು ಯಾರೂ ಹೇಳಲಿಲ್ಲ. ಕೆರೆ ಎಂದರೆ ಹರಿಯುವ ನೀರಿಗೆ ಅಡ್ಡಲಾಗಿ ಏರಿ ಹಾಕುವುದು. ನವಲಗುಂದದವರು ಸಾಲಿನ ಬಾಯಿಗೆ ಹಾಕುವ ಒಂದು ಸಲಿಕೆ ಮಣ್ಣೇ ಇಲ್ಲಿ ಗುಡ್ಡದಷ್ಟಾಗಿದೆ. ಹಾವೇರಿ ಜಿಲ್ಲೆಯ ಮದಗ ಮಾಸೂರಿನ ಕೆರೆಯನ್ನು ನೋಡಿದವರಿಗೆ ಗೊತ್ತು, ಎರಡು ಗುಡ್ಡಗಳ ನಡುವಿನ ಕಂಡಿಯನ್ನು ಮುಚ್ಚಿ ನೀರು ನಿಲ್ಲಿಸಿದ್ದಾರೆ. ಆದ್ದರಿಂದ ಅಲ್ಲಿ ‘ಕಟ್ಟು’. ಬಾವಿಗೆ ನೆಲ ಅಗೆದು ಒಳಗೆ ಇಳಿಯಬೇಕು. ನಮ್ಮ ಊರಿನ ಬಾವಿಗಳ ಸುತ್ತ ಎಷ್ಟೇ ಚೆಂದದ ಕಲ್ಲಿನ ಮೆಟ್ಟಿಲು, ಗೂಡು ಗುಡಿ ಇದ್ದರೂ ‘ಬಾವಿ ತೋಡಿಸಿದರು’ ಎಂಬ ಮಾತೇ ನಾಲಿಗೆಗೆ ಬರುತ್ತದೆ. ಮೆಟ್ಟಿಲನ್ನು ಕಟ್ಟಿಸಿದರು, ಬಾವಿಯನ್ನು ತೋಡಿಸಿದರು.

‘ಪಟ್ಟ ಕಟ್ಟು’ ಇನ್ನೊಂದು. ಇಂದು ನಾವು ಯಾರಿಗೋ ‘ಕಳ್ಳನೆಂಬ ಪಟ್ಟ ಕಟ್ಟಿದರು’ ಎಂದು ಹೇಳುತ್ತೇವೆ. ಆದರೆ ಹಿಂದೆ ಪಟ್ಟ ಎಂದರೆ ಹಣೆಗೆ ನಿಜವಾಗಿ ಕಟ್ಟುತ್ತಿದ್ದ ಪಟ್ಟಿ. ಅರಸನಾಗುವವನ ಹಣೆಗೆ ಅದನ್ನು ಕಟ್ಟಿದಾಗ ‘ಪಟ್ಟಂಗಟ್ಟಿದರು’ ಎಂದರು. ಪಟ್ಟಿ ಹೋಯಿತು, ಅರಸರೂ ಹೋದರು, ಕ್ರಿಯಾಪದ ಉಳಿಯಿತು. ಬುತ್ತಿಯ ಕಥೆಯೂ ಹೀಗೆಯೇ ಅಲ್ಲವೇ? ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿಯನ್ನು ಅರಿವೆಯಲ್ಲಿ ಗಂಟು ಹಾಕಿ ಹೊಲಕ್ಕೆ ಒಯ್ಯುತ್ತಿದ್ದ ಕಾಲದ ಮಾತು ಅದು. ನನ್ನ ಮಗಳ ಬುತ್ತಿ ಈಗ ಸ್ಟೀಲಿನ ಡಬ್ಬಿಯಲ್ಲಿ ಹೋಗುತ್ತದೆ, ಗಂಟು ಎಲ್ಲೂ ಇಲ್ಲ. ಆದರೂ ಬೆಳಿಗ್ಗೆ ಏಳಕ್ಕೆ ನಾನು ಒಳಗೆ ಕೂಗುವುದು ‘ಬುತ್ತಿ ಕಟ್ಟಿದಿರಾ?’ ಎಂದೇ.

ಮನುಷ್ಯರನ್ನು ಸೇರಿಸುವುದಕ್ಕೂ ನಾವು ಇದೇ ಪದ ಹಿಡಿದಿದ್ದೇವೆ. ನಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ಧಾರವಾಡದಲ್ಲಿ 1890ರಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದರು. ಸಂಘವನ್ನು ‘ಸ್ಥಾಪಿಸಿದರು’ ಎಂದರೆ ಒಂದು ದಿನದ ಕೆಲಸ ಎನಿಸುತ್ತದೆ. ‘ಕಟ್ಟಿದರು’ ಎಂದಾಗ ಮನೆ ಮನೆಗೆ ಅಲೆದದ್ದು, ಒಬ್ಬೊಬ್ಬರನ್ನೇ ಒಪ್ಪಿಸಿದ್ದು, ಮುನಿದವರನ್ನು ಮತ್ತೆ ಕರೆತಂದದ್ದು ಎಲ್ಲ ಅದರೊಳಗೆ ಬರುತ್ತದೆ.

ಗದಗಿನ ಕರಡು ತಿದ್ದುವವನು

ಮುದ್ರಣಾಲಯಗಳಲ್ಲಿ ಆಯುಷ್ಯ ಕಳೆದವನ ಒಂದು ಎಚ್ಚರಿಕೆ. ಕಿವಿಗೆ ‘ಕಟ್ಟು’ ಎಂದು ಕೇಳಿಸಿದ್ದೆಲ್ಲ ಇದೇ ಪದ ಎಂದು ತಿಳಿಯಬೇಡಿ. ‘ಕಟ್ಟಿಗೆ’ಯನ್ನು ಹೊರೆ ಕಟ್ಟಿ ತರುವುದರಿಂದ ಆ ಹೆಸರು ಬಂತೆಂದು ಒಬ್ಬರು ನನ್ನೊಂದಿಗೆ ವಾದಿಸಿದ್ದರು. ಅದನ್ನು ಸಂಸ್ಕೃತದ ‘ಕಾಷ್ಠ’, ಪ್ರಾಕೃತದ ‘ಕಟ್ಠ’ದ ಪಕ್ಕದಲ್ಲಿ ಇಟ್ಟು ನೋಡಬೇಕು. ‘ಚೌಕಟ್ಟು’ ಬಂದಾಗ ಮರಾಠಿಯ ‘ಚೌಕಟ್’, ಹಿಂದಿಯ ‘ಚೌಖಟ್’ ನೆನಪಿರಲಿ. ‘ಕಟ್ಟಾ ಅಭಿಮಾನಿ’ಯನ್ನು ಯಾರೂ ಕಟ್ಟಿಹಾಕಿಲ್ಲ.

ಇನ್ನೊಂದು ಕಡೆ, ವೇಷ ಮರೆಸಿಕೊಂಡು ಕುಳಿತ ನಿಜವಾದ ‘ಕಟ್ಟು’ಗಳು ಬಹಳ ಇವೆ. ಸಮಾಸದಲ್ಲಿ ‘ಕ’ ಹೋಗಿ ‘ಗ’ ಬರುವುದರಿಂದ ನಾವು ಗುರುತಿಸುವುದಿಲ್ಲ. ಹೆಪ್ಪುಗಟ್ಟು, ಸಾಲುಗಟ್ಟು, ಮಡುಗಟ್ಟು, ಕಳೆಗಟ್ಟು, ಒಗ್ಗಟ್ಟು. ಇಲ್ಲಿ ಇಷ್ಟು ದಿನ ನಾವು ಚರ್ಚಿಸುತ್ತಿರುವ ‘ನುಡಿಗಟ್ಟು’ ಎಂಬ ಪದದ ಒಳಗೂ ಅದೇ ಇದೆ. ಓಲೆಗರಿಗಳನ್ನು ತೂತಿನಲ್ಲಿ ದಾರ ಹಾಯಿಸಿ, ಮೇಲೆ ಕೆಳಗೆ ಹಲಗೆ ಇಟ್ಟು ಸುತ್ತಿದ್ದಕ್ಕೆ ‘ಓಲೆಯ ಕಟ್ಟು’ ಎನ್ನುತ್ತಿದ್ದರು. ದಾರ ಬಿಚ್ಚಿದರೆ ಕಾವ್ಯ ಬಿಡಿ ಗರಿಗಳಾಗಿ ಚೆಲ್ಲಿಹೋಗುತ್ತದೆ.

ಕಟ್ಟಿನ ಸಾರಿನ ಬಗ್ಗೆ ನನ್ನ ಅಭಿಪ್ರಾಯ: ಬೇಳೆಯನ್ನು ಬಟ್ಟೆಯಲ್ಲಿ ಕಟ್ಟಿ ಬಸಿಯುತ್ತಿದ್ದರು, ಅದರಿಂದ ಆ ಹೆಸರು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಅದು ನನಗೆ ಒಪ್ಪಿಗೆಯಿಲ್ಲ. ಅರ್ಥ ಹೊಂದಿಸಲೆಂದೇ ಹೆಣೆದ ಕಥೆಯಂತಿದೆ.

ಧಾರವಾಡದ ವಿದ್ಯಾರ್ಥಿನಿ

ನನಗೂ ಒಪ್ಪಿಗೆಯಿಲ್ಲ, ಕಾರಣ ಬರೆಯುತ್ತೇನೆ. ಆ ‘ಕಟ್ಟು’ಗೆ ಕ್ರಿಯಾರೂಪವೇ ಇಲ್ಲ. ‘ಬೇಳೆ ಕಟ್ಟಿದೆ’ ಎಂದು ಅಕ್ಕನವರು ಹೇಳಿಲ್ಲ, ‘ಕಟ್ಟು ಬಸಿಯುವುದು’ ಎಂದಿದ್ದಾರೆ. ಹೊರೆಯ ಕಟ್ಟು, ಓಲೆಯ ಕಟ್ಟು, ಮುರಿದ ಕೈಗೆ ಹಾಕುವ ಕಟ್ಟು ಇವೆಲ್ಲದರ ಹಿಂದೆ ‘ಕಟ್ಟಿದ್ದು’ ಎಂಬ ಕೆಲಸ ಇದೆ. ಸಾರಿನ ಕಟ್ಟಿನ ಹಿಂದೆ ಇಲ್ಲ. ವಿರುದ್ಧ ಪದ ಕೇಳಿದರೂ ಉತ್ತರ ಸಿಗುವುದಿಲ್ಲ.

ನೆರೆಮನೆಗಳನ್ನೂ ನೋಡಿ. ತೆಲುಗಿನವರು ಬೇಳೆ ಬೇಯಿಸಿದ ತಿಳಿಯನ್ನು ‘ಪಪ್ಪು ಕಟ್ಟು’ ಎನ್ನುತ್ತಾರೆ. ಮರಾಠಿಯವರ ಪೂರಣಪೋಳಿಯ ಜೊತೆ ‘ಕಟಾಚಿ ಆಮಟಿ’ ಇರುತ್ತದೆ, ಅಲ್ಲಿನ ‘ಕಟ್’ ಎಂದರೆ ಅದೇ ಬಸಿದ ನೀರು. ಆದರೆ ಮರಾಠಿಯವರು ಬಿಗಿಯುವುದಕ್ಕೆ, ಮನೆ ಎಬ್ಬಿಸುವುದಕ್ಕೆ ‘ಬಾಂಧಣೆ’ ಎನ್ನುತ್ತಾರೆ. ಅವರಲ್ಲಿ ಇವೆರಡೂ ರೂಪದಲ್ಲೇ ಬೇರೆ, ನಮ್ಮಲ್ಲಿ ರೂಪ ಒಂದಾಗಿದೆ. ‘ಅರಸು’ ಎಂದರೆ ರಾಜನೂ ಹೌದು, ಹುಡುಕು ಎಂಬುದೂ ಹೌದು. ರಾಜನಿಗೂ ಹುಡುಕಾಟಕ್ಕೂ ನಂಟು ಕಲ್ಪಿಸಲು ಯಾರೂ ಹೋಗುವುದಿಲ್ಲ. ಹಾಗೆಯೇ ಇದನ್ನೂ ಬೇರೆ ಪದವೆಂದು ಇಟ್ಟುಕೊಳ್ಳುವುದು ಸರಿ ಎನಿಸುತ್ತದೆ. ನಿಘಂಟುಗಳಲ್ಲಿ ಇಂಥವಕ್ಕೆ 1, 2 ಎಂದು ಸಂಖ್ಯೆ ಕೊಟ್ಟು ಬೇರೆ ನಮೂದು ಮಾಡುವುದು ಇದಕ್ಕಾಗಿಯೇ.

ನವಲಗುಂದದ ರೈತ

ಈ ಮಾತು ನನಗೆ ಹಿಡಿಸಿತು, ತಂಗಿ. ಕಾಳು, ಮೋಡ, ಕೆರೆ, ಸಂಘ, ಹಾರ ಇವೆಲ್ಲದರಲ್ಲೂ ಬಿಡಿಬಿಡಿಯಾಗಿದ್ದದ್ದು ಕೂಡಿ ನಿಲ್ಲುತ್ತದೆ. ಸಾರಿನ ಕಟ್ಟನ್ನು ಎಳೆದು ತಂದು ಆ ಸಾಲಿನಲ್ಲಿ ನಿಲ್ಲಿಸುವುದು ಬೇಡ.

ಹುಬ್ಬಳ್ಳಿಯ ಮಾಸ್ತರ

ನಿನ್ನೆ ಭಾನುವಾರ ಆಯಿತು. ಕರಿಹಲಗೆಯ ಮೇಲೆ ಜೋಡಿಗಳನ್ನಷ್ಟೇ ಬರೆದೆ: ಕಟ್ಟು–ಬಿಚ್ಚು, ಕಟ್ಟು–ಕೆಡವು, ಕಟ್ಟು–ಚದುರು, ಕಟ್ಟು–ಜೊಳ್ಳಾಗು. ನವಲಗುಂದದವರು ಬರೆದ ಹಾಲುಗಾಳಿನ ವಿವರವನ್ನು ಓದಿ ಹೇಳಿದೆ. ಮೂರು ಹಂತವನ್ನೂ ಉಗುರಿನಿಂದ ಒತ್ತಿ ತೋರಿಸಲು ಜೋಳದ ತೆನೆ ಸಿಗಲಿಲ್ಲ, ಮಾರುಕಟ್ಟೆಯಿಂದ ಎಳೆಯ ಗೋವಿನಜೋಳ ಒಂದು, ಬಲಿತದ್ದು ಒಂದು ತಂದಿದ್ದೆ. ಆ ಹುಡುಗಿ ಎಳೆಯ ಕಾಳನ್ನು ಒತ್ತಿದಾಗ ಹಾಲು ಅವಳ ಕನ್ನಡಕಕ್ಕೆ ಸಿಡಿಯಿತು. ಬಲಿತದ್ದನ್ನು ಒತ್ತಿ ಒತ್ತಿ ನೋಡಿ, ‘ಕಟ್ಟಿದೆ’ ಎಂದು ತಾನೇ ಹೇಳಿದಳು.

ನನ್ನ ಹೆಂಡತಿ ಡಬ್ಬಿಯಲ್ಲಿ ಕಟ್ಟಿನ ಸಾರು ಕಳಿಸಿದ್ದಳು. ಎಲ್ಲರಿಗೂ ಅರ್ಧರ್ಧ ಲೋಟ ಬಂತು. ಮರಾಠವಾಡದ ಹುಡುಗನೊಬ್ಬ ಒಂದು ಗುಟುಕು ಕುಡಿದು ‘ಕಟಾಚಿ ಆಮಟಿ!’ ಎಂದ. ವಿದ್ಯಾರ್ಥಿನಿಯವರ ಬರಹವನ್ನು ನಾನು ಇನ್ನೂ ಓದಿ ಹೇಳಿರಲಿಲ್ಲ. ಒಡಿಶಾದ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಹಳೆಯ ಪುಟವನ್ನು ತಿರುವಿ, ಹೊಸ ಪುಟದ ತಲೆಗೆ ‘ಕಟ್ಟು 2’ ಎಂದು ಬರೆದುಕೊಂಡಳು. ಕೆಳಗೆ ಒಂದೇ ಸಾಲು: ‘ಬಸಿಯಬೇಕು.’

ಬೆಟಗೇರಿಯ ಅಕ್ಕನವರೇ, ಅವಳದೊಂದು ಪ್ರಶ್ನೆ ಇದೆ. ನಾಲ್ಕು ಲೋಟ ಕಟ್ಟಿಗೆ ಹುಣಸೆಹಣ್ಣು ಎಷ್ಟು?

ಬೆಟಗೇರಿಯ ಅಕ್ಕ

ಚಿಕ್ಕ ನಿಂಬೆಹಣ್ಣಿನಷ್ಟು ಸಾಕು. ಹುಣಸೆ ಹಳೆಯದಾಗಿದ್ದರೆ ಇನ್ನೂ ಸ್ವಲ್ಪ ಕಡಿಮೆ. ಒಗ್ಗರಣೆಗೆ ಕರಿಬೇವು ಮರೆಯಬಾರದು ಎಂದು ಹೇಳಿ.